ಮಾರ್ಕೆಟ್ ಬಿದ್ದಾಗ ಏನು ಮಾಡಬೇಕು: ಕಾಫಿ ದುಡ್ಡನ್ನು ಷೇರಿಗೆ ಹಾಕಿದವರಿಗೊಂದು ಮಾರ್ಗದರ್ಶಿ

2020ರ ಮಾರ್ಚ್ 23, ಸೋಮವಾರ. ಕಣದಲ್ಲಿ ರೊಬಸ್ಟಾ ಕಾಫಿಯ ಹಣ್ಣು (ಚೆರ್ರಿ) ಒಣಗುತ್ತಿತ್ತು. ಬೆಳಿಗ್ಗೆ ಷೇರುಪೇಟೆ ತೆರೆದು ಒಂದು ಗಂಟೆ ಆಗುವ ಮೊದಲೇ 10% ಬಿದ್ದು ವಹಿವಾಟು 45 ನಿಮಿಷ ನಿಂತಿತು. ಆ 45 ನಿಮಿಷ ನಾನು ಕಣದ ಅಂಚಿನಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಮತ್ತೆ ಶುರುವಾದ ಕೂಡಲೇ ನನ್ನ ಇಂಡೆಕ್ಸ್ ಫಂಡಿನ (ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೇ ಕೊಂಡಿಡುವ ಮ್ಯೂಚುವಲ್ ಫಂಡ್) ಅರ್ಧ ಭಾಗ ಮಾರಲು ಒತ್ತಿಬಿಟ್ಟೆ. ದೊಡ್ಡ ಕಂಪನಿಗಳ ಷೇರು ಬೆಲೆ ಅಳೆಯುವ ಸೂಚ್ಯಂಕ ಸೆನ್ಸೆಕ್ಸ್ ಆ ದಿನ 3,934 ಅಂಶ ಬಿದ್ದು 25,981ಕ್ಕೆ ಮುಗಿಯಿತು. ಮ್ಯೂಚುವಲ್ ಫಂಡ್ ಮಾರಿದರೆ ನೀವು ಗುಂಡಿ ಒತ್ತಿದ ಹೊತ್ತಿನ ಬೆಲೆ ಸಿಗುವುದಿಲ್ಲ. ಮೂರು ಗಂಟೆಯೊಳಗೆ ಒತ್ತಿದರೆ ಆ ದಿನದ ಕೊನೆಯ ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆ, ಸಿಗುತ್ತದೆ. ಹಾಗಾಗಿ ಆ ಕುಸಿತದ ಅತಿ ಕೆಳಗಿನ ಮುಕ್ತಾಯದ ಬೆಲೆಗೆ ಮಾರಿದ ಪುಣ್ಯಾತ್ಮರಲ್ಲಿ ನಾನೂ ಒಬ್ಬ. ನವೆಂಬರ್ ಹೊತ್ತಿಗೆ ಸೆನ್ಸೆಕ್ಸ್ ಜನವರಿಯ ಮಟ್ಟವನ್ನು ದಾಟಿತ್ತು.

ಎಲ್ಲರಿಗೂ "ಭಯ ಆಯಿತು, ಮಾರಿದೆ" ಅಂತ ಹೇಳಿದ್ದೆ. ಅದು ಅರ್ಧ ಸತ್ಯ. ನಿಜ ಏನೆಂದರೆ ಕೈಯಲ್ಲಿ ಕಾಸಿರಲಿಲ್ಲ. ಕಾಫಿ ಎತ್ತಲು ವ್ಯಾಪಾರಿ ಬರುತ್ತಿರಲಿಲ್ಲ, ಕೊಯ್ಲಿನ ಕೂಲಿ ಬಾಕಿ ಇತ್ತು, ಮನೆ ಖರ್ಚಿಗೆ ಅಂತ ಇರಬೇಕಾದ ದುಡ್ಡೂ ಫಂಡಿನಲ್ಲೇ ಇತ್ತು. ಮಾರ್ಕೆಟ್ ಬೀಳದಿದ್ದರೂ ಆ ತಿಂಗಳು ನಾನು ಮಾರಲೇಬೇಕಿತ್ತು. ತಪ್ಪು ನಡೆದದ್ದು ಮಾರ್ಚ್‌ನಲ್ಲಿ ಅಲ್ಲ, ಅದರ ಹಿಂದಿನ ವರ್ಷವೇ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮಾರ್ಕೆಟ್‌ಗಿಂತ ಮನೆಯ ಲೆಕ್ಕದ ಮಾತೇ ಜಾಸ್ತಿ ಬರುತ್ತದೆ. ತಿಂಗಳ ಸಂಬಳ ಬರುವವರಿಗೆ ಬರೆದ ಸಲಹೆಗಳು ಬೇಕಾದಷ್ಟಿವೆ. ವರ್ಷಕ್ಕೊಮ್ಮೆ ದುಡ್ಡು ನೋಡುವ ನಮ್ಮಂಥವರಿಗೆ ಅವು ಪೂರ್ತಿ ಹೊಂದುವುದಿಲ್ಲ.

ಹೆಜ್ಜೆ 1: ಎಷ್ಟು ಬಿತ್ತು ಅಂತ ಶೇಕಡಾದಲ್ಲಿ ನೋಡಿ

ಟಿವಿಯವರು ಅಂಶಗಳಲ್ಲೇ ಕೂಗುತ್ತಾರೆ. ಸಾವಿರ ಅಂಶ ಕುಸಿತ! ಸೆನ್ಸೆಕ್ಸ್ 80,000 ಇದ್ದಾಗ ಸಾವಿರ ಅಂಶ ಅಂದರೆ 1.25%. ಅದೇ ಸಾವಿರ, ಸೆನ್ಸೆಕ್ಸ್ 20,000 ಇದ್ದ 2008ರಲ್ಲಿ 5%. ಎರಡೂ ಒಂದೇ ಅಲ್ಲ ಅಲ್ವಾ?

ಇತ್ತೀಚಿನ ಶಿಖರದಿಂದ ಎಷ್ಟು ಶೇಕಡಾ ಕೆಳಗಿದೆ ಅಂತ ಲೆಕ್ಕ ಹಾಕಿ, ಒಂದು ಕಾಗದದಲ್ಲಿ ಬರೆದಿಡಿ. ಅಳತೆಗೆ ಮೂರು ಕುಸಿತ ಹೇಳುತ್ತೇನೆ. 2008ರ ಜನವರಿಯಲ್ಲಿ 20,873ಕ್ಕೆ ಮುಗಿದಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,160ಕ್ಕೆ ಬಂತು, ಸುಮಾರು 61% ಇಳಿಕೆ. 2010ರ ನವೆಂಬರ್‌ನಲ್ಲಿ ಒಮ್ಮೆ ಹಳೆಯ ಮಟ್ಟ ಮುಟ್ಟಿತು, ಮತ್ತೆ ಜಾರಿತು, ಸರಿಯಾಗಿ ದಾಟಲು 2013ರ ಕೊನೆಯವರೆಗೆ ಕಾಯಬೇಕಾಯಿತು. 2020ರಲ್ಲಿ 41,952ರಿಂದ 25,981ಕ್ಕೆ, 38% ಇಳಿಕೆ, ಅದೂ ಎರಡೇ ತಿಂಗಳಲ್ಲಿ. 2024ರ ಸೆಪ್ಟೆಂಬರ್ ಕೊನೆಯ 85,836ರಿಂದ 2025ರ ಮಾರ್ಚ್ ಮೊದಲ ವಾರದ 72,990ರ ಹತ್ತಿರಕ್ಕೆ ಬಂದಾಗ ಇಳಿದದ್ದು 15%. ಆದರೆ ಆಗ ಊರಲ್ಲಿ ಕೇಳಿದ ಗೋಳು 2008ರಷ್ಟೇ ಇತ್ತು. ಕಾರಣ, ಬಹಳ ಜನರ ಕೈಯಲ್ಲಿದ್ದದ್ದು ಸೆನ್ಸೆಕ್ಸ್ ಷೇರುಗಳಲ್ಲ, ಸ್ಮಾಲ್ ಕ್ಯಾಪ್, ಅಂದರೆ ಸಣ್ಣ ಕಂಪನಿಗಳ ಷೇರು. ಅವು ಇನ್ನೂ ಆಳಕ್ಕೆ ಹೋಗಿದ್ದವು. ನಿಮ್ಮ ಸ್ವಂತ ಲೆಕ್ಕವನ್ನೂ ಬೇರೆಯಾಗಿ ತೆಗೆಯಿರಿ.

ಮೊದಲ ದಿನ ಇದಿಷ್ಟೇ ಕೆಲಸ. ಇಡೀ ಪೇಟೆಗೇ 10, 15, 20% ಇಳಿಕೆಯಲ್ಲಿ ತಡೆ ಇದೆ, 20% ಬಿದ್ದರೆ ಆ ದಿನದ ವಹಿವಾಟೇ ಮುಗಿಯಿತು. ನಾಳೆ ಬೆಳಿಗ್ಗೆ 9.15ಕ್ಕೆ ಮತ್ತೆ ತೆರೆಯುತ್ತದೆ. ಇವತ್ತೇ ಏನಾದರೂ ಮಾಡಬೇಕಾದವರು ಒಂದೇ ಜಾತಿಯವರು, ಅವರ ವಿಷಯ ಮುಂದಿದೆ.

ಹೆಜ್ಜೆ 2: ಸಾಲದಲ್ಲಿ ಕೊಂಡದ್ದಿದ್ದರೆ ಇವತ್ತೇ ನೋಡಿ

ಬ್ರೋಕರ್ ಕೊಡುವ ಮಾರ್ಜಿನ್ ಸಾಲದಲ್ಲಿ ಷೇರು ಕೊಂಡಿದ್ದೀರಾ? ಷೇರು ಅಥವಾ ಫಂಡ್ ಒತ್ತೆ ಇಟ್ಟು ಸಾಲ ತೆಗೆದಿದ್ದೀರಾ? ಹಾಗಿದ್ದರೆ "ಕಾಯೋಣ, ಏರುತ್ತದೆ" ಎಂಬ ಮಾತು ನಿಮಗೆ ಅನ್ವಯಿಸುವುದಿಲ್ಲ. ಬೆಲೆ ಇಳಿದಂತೆ ಇನ್ನಷ್ಟು ದುಡ್ಡು ಕಟ್ಟಿ ಅಂತ ಮಾರ್ಜಿನ್ ಕಾಲ್ ಬರುತ್ತದೆ, ಕಟ್ಟದಿದ್ದರೆ ಅವರೇ ಮಾರುತ್ತಾರೆ. ಯಾವುದನ್ನು, ಯಾವ ಬೆಲೆಗೆ ಅನ್ನುವುದು ಆಗ ನಿಮ್ಮ ಕೈಯಲ್ಲಿಲ್ಲ. ಅವರು ಮಾರುವ ಮೊದಲು ನೀವೇ ಸ್ವಲ್ಪ ಮಾರಿ ಸಾಲ ತಗ್ಗಿಸಿ. ನಷ್ಟವಾದರೂ ಸರಿ.

ನಮ್ಮ ಕಡೆಯದೇ ಇನ್ನೊಂದು ಸಾಲವಿದೆ. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲ ತೆಗೆದು, ಗೊಬ್ಬರಕ್ಕೆ ಅರ್ಧ ಹಾಕಿ, ಉಳಿದರ್ಧ ಷೇರಿಗೆ ಹಾಕುವುದು. ಬಡ್ಡಿಯೇ ಇಲ್ಲವಲ್ಲ, ಲಾಭವೇ ಲಾಭ ಅಂತ ಲೆಕ್ಕ. ಗಡುವಿಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ, ತಪ್ಪಿದರೆ ಆ ರಿಯಾಯಿತಿ ಹೋಯಿತು. ಗಡುವಿನ ವಾರದಲ್ಲೇ ಮಾರ್ಕೆಟ್ ಮಕಾಡೆ ಮಲಗಿದ್ದರೆ? ಸಾಲ ಕಟ್ಟಲು ಮನೆಯ ಚಿನ್ನ ಅಡವಿಟ್ಟವರನ್ನು ನಾನು ಕಂಡಿದ್ದೇನೆ. ಚಿನ್ನ ಅಡವಿಟ್ಟು "ಬಿದ್ದಾಗ ಕೊಳ್ಳುತ್ತೇನೆ" ಅನ್ನುವವರಿಗೂ ಇದೇ ಮಾತು.

ಫ್ಯೂಚರ್ಸ್, ಆಪ್ಷನ್ಸ್ (ಷೇರಿನ ಮುಂದಿನ ಬೆಲೆಯ ಮೇಲೆ ಪಂದ್ಯ ಕಟ್ಟಿದಂಥ ಒಪ್ಪಂದಗಳು) ಬಗ್ಗೆ ಒಂದೇ ವಾಕ್ಯ: ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನದ ಪ್ರಕಾರ 2021-22ರಿಂದ 2023-24ರ ಮೂರು ವರ್ಷಗಳಲ್ಲಿ ಅದರಲ್ಲಿ ಆಡಿದ ನೂರು ಮಂದಿ ಸಾಮಾನ್ಯರಲ್ಲಿ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿದೆ, ಆದ್ದರಿಂದ ಕುಸಿತದಲ್ಲಿ ಹೋದದ್ದನ್ನು ಅಲ್ಲಿ ವಾಪಸ್ ಗಳಿಸುತ್ತೇನೆ ಅನ್ನುವ ಯೋಚನೆ ಬಂದರೆ ಎದ್ದು ತೋಟಕ್ಕೆ ಒಂದು ಸುತ್ತು ಹಾಕಿ ಬನ್ನಿ.

ಹೆಜ್ಜೆ 3: ದುಡ್ಡು ಯಾವಾಗ ಬೇಕು ಅಂತ ತಿಂಗಳುವಾರು ಬರೆಯಿರಿ

ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ಹಳೆಯ ನೋಟ್‌ಬುಕ್ ಸಾಕು.

ಮುಂದಿನ 36 ತಿಂಗಳು ಬರೆದುಕೊಳ್ಳಿ. ಪ್ರತಿ ತಿಂಗಳ ಮುಂದೆ ಖಚಿತವಾಗಿ ಹೋಗುವ ದುಡ್ಡು ಹಾಕಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್, ಅದಕ್ಕೆ ಡೀಸೆಲ್. ಮಳೆಗೆ ಮುಂಚೆ ಗೊಬ್ಬರ, ಮರ ಕಪಾತು. ಜೂನ್‌ನಲ್ಲಿ ಮಕ್ಕಳ ಫೀಸು, ಮಂಗಳೂರಲ್ಲೋ ಮೈಸೂರಲ್ಲೋ ಹಾಸ್ಟೆಲ್ ಇದ್ದರೆ ಅದೂ. ಮಳೆಗಾಲದ ನಂತರ ಮತ್ತೆ ಗೊಬ್ಬರ, ಕಳೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಎರಡಕ್ಕೂ ವಾರವಾರ ಕೂಲಿ. ನಡುವೆ ಯಾರದ್ದಾದರೂ ಮದುವೆ. ಈ ಕಡೆ ಬರುವ ದುಡ್ಡು ಮಾತ್ರ ಹೆಚ್ಚುಕಡಿಮೆ ಒಂದೇ ಕಂತು, ಕಾಫಿ ಮಾರಿದಾಗ, ಜೊತೆಗೆ ಕರಿಮೆಣಸು.

ಈಗ ಎರಡು ಸಾಲಿನ ನಡುವಿನ ಹಳ್ಳ ನೋಡಿ. ಸಂಬಳದವರಿಗೆ ಆರು ತಿಂಗಳ ಖರ್ಚು ಬದಿಗಿಡಿ ಅಂತಾರೆ. ನಮಗೆ ಅದು ಸಾಲದು. ಮನೆ ಮತ್ತು ತೋಟ ಎರಡರದ್ದೂ ಸೇರಿ ಒಂದು ಪೂರ್ತಿ ವರ್ಷದ ಖರ್ಚು ಷೇರಿನ ಹೊರಗಿರಬೇಕು ಅನ್ನುವುದು ನನ್ನ ಲೆಕ್ಕ. 2018ರ ಆಗಸ್ಟ್ ಮಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಕುಸಿಯದ ತೋಟಗಳಲ್ಲೂ ಆ ವರ್ಷ ಕಾಯಿ ಉದುರಿತ್ತು, ಮರು ವರ್ಷ ಆಗಸ್ಟ್‌ನಲ್ಲಿ ಮತ್ತೆ ಅದೇ ಮಳೆ. ಬೆಳೆ, ಬೆಲೆ, ಷೇರು ಮೂರೂ ಒಟ್ಟಿಗೆ ಕೈಕೊಡುವ ವರ್ಷ ಬಂದೇ ಬರುತ್ತದೆ ಅಂತ ಇಟ್ಟುಕೊಂಡು ಬರೆಯಿರಿ.

ಆ ಒಂದು ವರ್ಷದ ದುಡ್ಡು ಎಲ್ಲಿರಬೇಕು? ಉಳಿತಾಯ ಖಾತೆ, ಎಫ್‌ಡಿ, ಲಿಕ್ವಿಡ್ ಫಂಡ್ (ಷೇರಿಗೆ ಹಾಕದೆ ಅಲ್ಪಾವಧಿ ಸಾಲಪತ್ರಗಳಲ್ಲಿ ಇಡುವ, ಬೇಗ ತೆಗೆಯಬಹುದಾದ ಫಂಡ್). ಬ್ಯಾಂಕಿನಲ್ಲಿ ಠೇವಣಿ ವಿಮೆ ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಇದೆ, ಅದಕ್ಕಿಂತ ಜಾಸ್ತಿ ಇದ್ದರೆ ಎರಡು ಬ್ಯಾಂಕಿಗೆ ಹಂಚಿ. ಬಡ್ಡಿ ಕಡಿಮೆ ಅಂತ ಬೇಸರ ಬೇಡ. ಗೊಬ್ಬರದ ಶೆಡ್ಡಿನಲ್ಲಿ ಇರುವ ಚೀಲವೂ ಬಡ್ಡಿ ಕೊಡುವುದಿಲ್ಲ.

ಸರಿ, ಈಗ ಮಾರ್ಕೆಟ್ ಆಗಲೇ ಬಿದ್ದಿದೆ, ಜೂನ್ ಫೀಸಿನ ದುಡ್ಡು ಷೇರಿನಲ್ಲೇ ಸಿಕ್ಕಿಹಾಕಿಕೊಂಡಿದೆ, ಏನು ಮಾಡಬೇಕು? ಒಂದು ವರ್ಷದೊಳಗೆ ಬೇಕಾದದ್ದನ್ನು ನಷ್ಟವಾದರೂ ಈಗಲೇ ತೆಗೆಯಿರಿ. ಎಲ್ಲವನ್ನೂ ಅಲ್ಲ, ಆ ಫೀಸಿನಷ್ಟನ್ನು ಮಾತ್ರ. ಒಂದರಿಂದ ಮೂರು ವರ್ಷದೊಳಗೆ ಬೇಕಾದದ್ದನ್ನು ಕಂತಿನಲ್ಲಿ, ಏರಿದಾಗೆಲ್ಲ ಸ್ವಲ್ಪ ಸ್ವಲ್ಪ ತೆಗೆಯಿರಿ. ಮೂರು ವರ್ಷದ ಆಚೆಗಿನದನ್ನು ಮುಟ್ಟಬೇಡಿ, ಐದು ವರ್ಷದ ಆಚೆಗಿನದಾದರೆ ಇನ್ನೂ ಒಳ್ಳೆಯದು. ಈ ವಿಂಗಡಣೆ ಮುಗಿದಾಗ ಬಹಳ ಜನರಿಗೆ ಒಂದು ವಿಷಯ ಗೊತ್ತಾಗುತ್ತದೆ: ಮಾರಬೇಕಾದದ್ದು ಹತ್ತರಲ್ಲಿ ಒಂದು ಪಾಲು ಅಷ್ಟೇ. ಉಳಿದ ಒಂಬತ್ತರ ಬೆಲೆ ಇವತ್ತು ಎಷ್ಟು ಅನ್ನುವುದು ಈ ವರ್ಷದ ಅಡುಗೆಮನೆಗೆ ಸಂಬಂಧವಿಲ್ಲದ ವಿಷಯ.

ಹೆಜ್ಜೆ 4: ಕೈಯಲ್ಲಿರುವುದು ಏನು, ಅದು ಬದುಕುತ್ತದಾ?

ಇಂಡೆಕ್ಸ್ ಫಂಡ್ ಅಥವಾ ಹಲವು ಕಂಪನಿಗಳಿರುವ ದೊಡ್ಡ ಫಂಡ್ ಇದ್ದರೆ ಈ ಹೆಜ್ಜೆ ಬೇಗ ಮುಗಿಯುತ್ತದೆ. ಐವತ್ತು ಕಂಪನಿ ಒಟ್ಟಿಗೆ ಮುಳುಗುವುದಿಲ್ಲ, ಕೆಟ್ಟದ್ದನ್ನು ಸೂಚ್ಯಂಕದಿಂದ ತೆಗೆದು ಬೇರೆ ಹಾಕುತ್ತಾರೆ. ಹಾಗಂತ "ಯಾವತ್ತೂ ಬೇಗ ಏರುತ್ತದೆ" ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಜಪಾನಿನ ಷೇರು ಸೂಚ್ಯಂಕ ನಿಕ್ಕೆಯಿ 1989ರ ಕೊನೆಯಲ್ಲಿ ಮುಟ್ಟಿದ ಮಟ್ಟವನ್ನು ಮತ್ತೆ ದಾಟಿದ್ದು 2024ರಲ್ಲಿ. ವಿಪರೀತ ಬೆಲೆಗೆ ಕೊಂಡರೆ ಕಾಯುವುದೂ ವಿಪರೀತವೇ.

ಬಿಡಿ ಷೇರುಗಳ ಕಥೆ ಬೇರೆ. ಇಲ್ಲಿ ಬೆಳೆಗಾರರ ಒಂದು ಒಳ್ಳೆಯ ಗುಣವೇ ನಮಗೆ ಮುಳುವಾಗುತ್ತದೆ. ಬೆಲೆ ಇಲ್ಲದಿದ್ದರೆ ನಾವು ಚೆರ್ರಿಯನ್ನು ಗೋಡೌನಿನಲ್ಲಿ ಇಟ್ಟು ಕಾಯುತ್ತೇವೆ. ಕರಿಮೆಣಸನ್ನೂ ವರ್ಷಗಟ್ಟಲೆ ಹಿಡಿದಿಡುತ್ತೇವೆ. ಅದು ವಸ್ತು, ಒಣಗಿಸಿ ಇಟ್ಟರೆ ಹಾಗೇ ಇರುತ್ತದೆ. ಷೇರು ಹಾಗಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕವೇ ಸುಳ್ಳು ಅಂತ ಒಪ್ಪಿಕೊಂಡರು, ಒಂದೇ ದಿನದಲ್ಲಿ ಷೇರಿನ ಮುಕ್ಕಾಲು ಬೆಲೆ ಹೋಯಿತು. 2018ರಲ್ಲಿ 400 ರೂಪಾಯಿ ಹತ್ತಿರ ಇದ್ದ ಯೆಸ್ ಬ್ಯಾಂಕ್ ಷೇರನ್ನು 200ಕ್ಕೆ ಬಂದಾಗ ಅಗ್ಗ ಅಂತ, 100ಕ್ಕೆ ಬಂದಾಗ ಇನ್ನೂ ಅಗ್ಗ ಅಂತ ಕೊಂಡವರಿದ್ದರು. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹಾಕಿತು. ಆ ಷೇರು ಆಮೇಲೆ 400ರ ಹತ್ತಿರ ಸುಳಿದಿಲ್ಲ.

ನಾನು ಇದನ್ನು ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ನೋಡಿದ ಹಾಗೆ ನೋಡುತ್ತೇನೆ. ಬೇಸಿಗೆಗೆ ಎಲೆ ಬಾಡಿದ ಗಿಡ ಒಂದು ಮಳೆ ಬಿದ್ದರೆ ಎದ್ದು ನಿಲ್ಲುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಅದು ಬೇರೆ, ಕಿತ್ತು ಸುಡಲೇಬೇಕು, ಬಿಟ್ಟರೆ ಪಕ್ಕದ್ದಕ್ಕೂ ಹೋಗುತ್ತದೆ. ದೂರದಿಂದ ಎರಡೂ ಹಳದಿಯೇ. ಹತ್ತಿರ ಹೋಗಿ ಕಾಂಡ ತಡವಿ ನೋಡಬೇಕು.

ಷೇರಿನಲ್ಲಿ ಕಾಂಡ ತಡವುವುದು ಹೇಗೆ? ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ. ಅಲ್ಲಿ ಷೇರುದಾರರ ಪಟ್ಟಿ ಸಿಗುತ್ತದೆ. ಪ್ರೊಮೋಟರುಗಳು, ಅಂದರೆ ಕಂಪನಿ ನಡೆಸುವ ಮುಖ್ಯ ಮಾಲೀಕರು, ತಮ್ಮ ಷೇರು ಒತ್ತೆ ಇಟ್ಟಿದ್ದಾರಾ, ಅದು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರುತ್ತಿದೆಯಾ ನೋಡಿ. ವಾರ್ಷಿಕ ವರದಿಯಲ್ಲಿ ಸಾಲ ನೋಡಿ. ಲಾಭ ತೋರಿಸುತ್ತಾ ಇದ್ದರೂ ವ್ಯವಹಾರದಿಂದ ನಿಜವಾದ ನಗದು ಬರುತ್ತಿದೆಯಾ, ಅದಕ್ಕೆ ಕ್ಯಾಶ್ ಫ್ಲೋ ಅಂತ ಒಂದು ಪುಟವೇ ಇರುತ್ತದೆ, ಮೂರು ನಾಲ್ಕು ವರ್ಷದ್ದು ಒಟ್ಟಿಗೆ ಇಟ್ಟು ನೋಡಿ, ಲಾಭ ಏರುತ್ತಾ ನಗದು ಇಳಿಯುತ್ತಾ ಇದ್ದರೆ ಅದೇ ಉಬ್ಬಿದ ಗೆರೆ. ಆಡಿಟರ್ ನಡುವೆ ಬಿಟ್ಟು ಹೋಗಿದ್ದರೆ ಇನ್ನೂ ಹುಷಾರು. ಇದೊಂದೂ ಅರ್ಥವಾಗುವುದಿಲ್ಲ ಅನ್ನುವವರು ಬಿಡಿ ಷೇರು ಇಟ್ಟುಕೊಳ್ಳಬೇಡಿ. ಅದರಲ್ಲಿ ಅವಮಾನ ಏನೂ ಇಲ್ಲ, ಫಂಡ್ ಇರುವುದೇ ಅದಕ್ಕೆ.

ಆಮೇಲೆ ಒಂದು ಪ್ರಶ್ನೆ. ಈ ಷೇರು ನನ್ನ ಹತ್ತಿರ ಇಲ್ಲದೇ ಇದ್ದು, ಅಷ್ಟೇ ದುಡ್ಡು ಕೈಯಲ್ಲಿದ್ದರೆ, ಇವತ್ತು ಇದನ್ನೇ ಕೊಳ್ಳುತ್ತಿದ್ದೆನಾ? ಇಲ್ಲ ಅಂತಾದರೆ ಮಾರಿ. "ಕೊಂಡ ಬೆಲೆ ಬರಲಿ, ಆಮೇಲೆ ಮಾರುತ್ತೇನೆ" ಅನ್ನುವವರಿಗೆ: 20% ಇಳಿದದ್ದು ವಾಪಸ್ ಬರಲು 25% ಏರಬೇಕು, 50% ಇಳಿದದ್ದಕ್ಕೆ 100%, 80% ಇಳಿದದ್ದಕ್ಕೆ 400%. ನೀವು ಎಷ್ಟಕ್ಕೆ ಕೊಂಡಿರಿ ಅಂತ ಆ ಷೇರಿಗೆ ಗೊತ್ತೂ ಇಲ್ಲ.

ಪುಟಾಣಿ ಕಂಪನಿಗಳಲ್ಲಿ ಇನ್ನೊಂದು ತೊಂದರೆ. ಲೋವರ್ ಸರ್ಕ್ಯೂಟ್ (ಆ ಷೇರು ಒಂದು ದಿನದಲ್ಲಿ ಇಳಿಯಬಹುದಾದ ಮಿತಿ) ಬಿದ್ದರೆ ಕೊಳ್ಳುವವರೇ ಇರುವುದಿಲ್ಲ, ದಿನಾ 5% ಇಳಿಯುತ್ತಾ ಹೋಗುತ್ತದೆ, ನೀವು ಮಾರಲು ಹಾಕಿದ ಆರ್ಡರ್ ಸಂಜೆ ಹಾಗೇ ವಾಪಸ್.

ಹೆಜ್ಜೆ 5: ಎಸ್‌ಐಪಿ ನಿಲ್ಲಿಸಬೇಡಿ, ಆದರೆ ನಿಮಗೆ ಎಸ್‌ಐಪಿ ಸರಿಯಾ?

ಎಸ್‌ಐಪಿ ಅಂದರೆ ತಿಂಗಳು ತಿಂಗಳು ಫಂಡಿಗೆ ಕಟ್ಟುವ ಕಂತು. ತಿಂಗಳ ಆದಾಯ ಇರುವವರು ಕುಸಿತದಲ್ಲಿ ಅದನ್ನು ನಿಲ್ಲಿಸುವುದು ದಡ್ಡತನ. ಅದೇ ದುಡ್ಡಿಗೆ ಜಾಸ್ತಿ ಯೂನಿಟ್ ಸಿಗುವ ಕಾಲ ಅದು. ಬೆಳೆಗಾರರ ಕಷ್ಟ ಬೇರೆ. ಅಕ್ಟೋಬರ್ ಬಂತೆಂದರೆ ಖಾತೆ ಬರಿದು, ಎಸ್‌ಐಪಿ ಕಂತು ಬೌನ್ಸ್, ಬ್ಯಾಂಕಿನವರ ದಂಡ. ಅದರ ಬದಲು ಕಾಫಿ ದುಡ್ಡು ಬಂದಾಗ, ಮೊದಲು ವರ್ಷದ ಖರ್ಚು ಬದಿಗಿಟ್ಟು, ಉಳಿದದ್ದನ್ನು ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ತಿಂಗಳು ತಿಂಗಳು ಷೇರು ಫಂಡಿಗೆ ತಾನಾಗಿ ಹೋಗುವಂತೆ ಎಸ್‌ಟಿಪಿ ಮಾಡಿಸಿ. ಹತ್ತು ಹನ್ನೆರಡು ಕಂತು ಸಾಕು. ರೊಬಸ್ಟಾ ಚೆರ್ರಿ 50 ಕೆಜಿ ಚೀಲಕ್ಕೆ 10,000 ರೂಪಾಯಿ ದಾಟಿದ ವರ್ಷ ಒಂದೇ ದಿನ ಎಲ್ಲ ಸುರಿದವರು ನಮ್ಮ ಸುತ್ತಮುತ್ತ ಇದ್ದಾರೆ, ನಾನು ಕಾಫಿ ಬೆಲೆ ಏರಿದ ಖುಷಿಯಲ್ಲಿ ಹೂಡಿಕೆ ಮಾಡುವುದನ್ನು ನಿಲ್ಲಿಸಿ ಬಹಳ ಕಾಲ ಆಯಿತು.

ಹೆಜ್ಜೆ 6: ಕೊಳ್ಳುವುದಾದರೆ ನಿಯಮ ಮೊದಲೇ ಬರೆದಿಡಿ

ವರ್ಷದ ಖರ್ಚು ಬದಿಗಿದೆ, ಸಾಲ ಇಲ್ಲ, ಐದು ವರ್ಷ ಬೇಡದ ದುಡ್ಡಿದೆ. ಹಾಗಾದರೆ ಕೊಳ್ಳಿ. ತಳ ಹುಡುಕಬೇಡಿ, ಅದು ದಾಟಿದ ಮೇಲೆಯೇ ಗೊತ್ತಾಗುವುದು. ದುಡ್ಡನ್ನು ನಾಲ್ಕು ಪಾಲು ಮಾಡಿ. ಸೂಚ್ಯಂಕ ಶಿಖರದಿಂದ 10% ಇಳಿದಾಗ ಒಂದು, 20%ಕ್ಕೆ ಇನ್ನೊಂದು, 30%ಕ್ಕೆ ಮೂರನೆಯದು. ನಾಲ್ಕನೆಯದನ್ನು ಇಳಿದರೂ ಏರಿದರೂ ಒಂದು ವರ್ಷದೊಳಗೆ ಕಂತಿನಲ್ಲಿ ಹಾಕಿ, ಇಲ್ಲವಾದರೆ 30% ಬರಲಿ ಅಂತ ಕಾದು ಕಾದು ಅರ್ಧ ದುಡ್ಡು ಖಾತೆಯಲ್ಲೇ ಉಳಿಯುತ್ತದೆ. ನನ್ನ ಲೆಕ್ಕ ಇದು, ನಿಮ್ಮ ಪಾಲು ಬೇರೆ ಇರಬಹುದು. ಮೊದಲೇ ಬರೆದಿರಬೇಕು ಅನ್ನುವುದು ಮಾತ್ರ ಖಂಡಿತ. ಷೇರು ಕೊಳ್ಳುವಾಗ ಲಿಮಿಟ್ ಆರ್ಡರ್, ಅಂದರೆ ಇಷ್ಟಕ್ಕಿಂತ ಜಾಸ್ತಿ ಬೆಲೆಗೆ ಬೇಡ ಅನ್ನುವ ಆರ್ಡರ್, ಹಾಕಿ. ಗಾಬರಿಯ ದಿನ ಬೆಳಿಗ್ಗೆ ಮಾರ್ಕೆಟ್ ಆರ್ಡರ್ ಹಾಕಿದರೆ ಯಾವ ಬೆಲೆಗೆ ಸಿಗುತ್ತದೋ ದೇವರೇ ಬಲ್ಲ.

ಹೆಜ್ಜೆ 7: ನಷ್ಟವನ್ನು ತೆರಿಗೆಗೆ ಬಳಸಿ

ಇದನ್ನು ನಮ್ಮವರು ಹೆಚ್ಚಾಗಿ ಬಿಟ್ಟೇಬಿಡುತ್ತಾರೆ. 2024ರ ಜುಲೈ 23ರಿಂದ ಷೇರು ಮತ್ತು ಷೇರು ಫಂಡಿನಲ್ಲಿ ಒಂದು ವರ್ಷದೊಳಗಿನ ಲಾಭಕ್ಕೆ 20%, ಒಂದು ವರ್ಷ ದಾಟಿದ ಲಾಭಕ್ಕೆ ವರ್ಷಕ್ಕೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ 12.5% ತೆರಿಗೆ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭದಿಂದ ಕಳೆಯಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ. ಉಳಿದ ನಷ್ಟ ಎಂಟು ವರ್ಷ ಮುಂದಕ್ಕೆ ಹೋಗುತ್ತದೆ.

ಆದರೆ ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಅಂತ ರಿಟರ್ನ್ ಕಡೆ ತಲೆ ಹಾಕದವರು ನಮ್ಮಲ್ಲಿ ಎಷ್ಟು ಜನ! ನಷ್ಟವಾದ ವರ್ಷ ರಿಟರ್ನ್ ಹಾಕದಿದ್ದರೆ ಆ ನಷ್ಟ ಮುಂದೆ ಯಾವುದಕ್ಕೂ ಬರುವುದಿಲ್ಲ. ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು) ಮಾಡಿಸಿ ಮಾರುವವರಿಗೆ ಆದಾಯದ 25% ಹೇಗೂ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಅವರು ಈಗಾಗಲೇ ಆಡಿಟರ್ ಹತ್ತಿರ ಹೋಗುತ್ತಿರಬಹುದು, ಹೋದಾಗ ಷೇರಿನ ಲೆಕ್ಕದ ಹಾಳೆಯನ್ನೂ ಒಯ್ಯಿರಿ.

ಎರಡು ಎಚ್ಚರ. ಬೆಳಿಗ್ಗೆ ನಷ್ಟಕ್ಕೆ ಮಾರಿ ಅದೇ ದಿನ ಅದೇ ಷೇರು ವಾಪಸ್ ಕೊಂಡರೆ ಅದು ಇಂಟ್ರಾಡೇ ಆಗುತ್ತದೆ, ಬಂಡವಾಳ ನಷ್ಟ ಅಂತ ಲೆಕ್ಕವಾಗುವುದಿಲ್ಲ. ಇನ್ನೊಂದು, ಈ ವರ್ಷದ ನಿಮ್ಮ ದೀರ್ಘಾವಧಿ ಲಾಭ 1.25 ಲಕ್ಷದೊಳಗೇ ಇದ್ದರೆ ಸುಮ್ನೆ ದೀರ್ಘಾವಧಿ ನಷ್ಟ ತೋರಿಸಬೇಡಿ. ಹೇಗೂ ತೆರಿಗೆ ಇಲ್ಲದ ಲಾಭವನ್ನು ಅದು ಮೊದಲು ತಿಂದುಹಾಕುತ್ತದೆ.

ಹೆಜ್ಜೆ 8: ಫೋನಿಗೆ ಬರುವ ಉಪಕಾರಿಗಳು

ಕುಸಿತದ ವಾರಗಳಲ್ಲಿ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ನಷ್ಟ ತುಂಬಿಸಿಕೊಡುತ್ತೇವೆ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಅವರು ಕಳಿಸಿದ ಆ್ಯಪ್‌ನಲ್ಲಿ ಲಾಭ ಕಾಣುತ್ತದೆ, ದುಡ್ಡು ವಾಪಸ್ ಕೇಳಿದರೆ ಮೊದಲು ತೆರಿಗೆ ಕಟ್ಟಿ ಅಂತಾರೆ. ಸೆಬಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನೋಂದಾಯಿತ ಬ್ರೋಕರ್ ಅಥವಾ ಫಂಡಿನ ಬಗ್ಗೆ ದೂರಿದ್ದರೆ ಸೆಬಿಯ ಸ್ಕೋರ್ಸ್ ಎಂಬ ದೂರು ಜಾಲತಾಣ ಇದೆ.

ಹೆಜ್ಜೆ 9: ಮನೆಯವರಿಗೆ ಹೇಳಿ

2020ರಲ್ಲಿ ಮಾರಿದ ವಿಷಯವನ್ನು ಮನೆಯಲ್ಲಿ ಮೂರು ತಿಂಗಳು ಹೇಳಿರಲಿಲ್ಲ. ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ: "ಕೂಲಿಗೆ ದುಡ್ಡು ಬೇಕಿದ್ರೆ ನನ್ನ ಎಫ್‌ಡಿ ಇತ್ತಲ್ಲ, ಯಾಕೆ ಕೇಳ್ಲಿಲ್ಲ?" ಆ ಎಫ್‌ಡಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ಹೆಜ್ಜೆ 3ರ ನೋಟ್‌ಬುಕ್ಕನ್ನು ಇಬ್ಬರೂ ಕೂತು ಬರೆಯಿರಿ ಅನ್ನುವುದು ಅದಕ್ಕೇ. ಷೇರು ಇಡುವ ಡಿಮ್ಯಾಟ್ ಖಾತೆಗೆ ನಾಮಿನಿ ಇದೆಯಾ ಅಂತ ಅದೇ ಹೊತ್ತಿಗೆ ನೋಡಿಬಿಡಿ.

ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂರು ನಾಲ್ಕು ದಿನ ನೆಟ್‌ವರ್ಕ್ ಕೂಡ ಇರುವುದಿಲ್ಲ. ಆ ದಿನಗಳಲ್ಲಿ ನಾನು ಒಂದೂ ತಪ್ಪು ಷೇರು ಕೊಂಡಿಲ್ಲ, ಒಂದನ್ನೂ ತಪ್ಪು ಹೊತ್ತಿಗೆ ಮಾರಿಲ್ಲ. ಹಾಗಾಗಿ ಈಗ ಮಳೆ ಇಲ್ಲದಿದ್ದರೂ ಆ್ಯಪ್ ತೆಗೆದು ನೋಡುವುದು ಭಾನುವಾರ ಮಾತ್ರ, ಪೇಟೆ ಮುಚ್ಚಿರುವಾಗ. ಏನಾದರೂ ಮಾರಬೇಕು ಅನಿಸಿದರೆ ನೋಟ್‌ಬುಕ್ಕಿನಲ್ಲಿ ತಾರೀಕು, ಕಾರಣ ಬರೆದಿಡುತ್ತೇನೆ. ಮುಂದಿನ ಭಾನುವಾರ ಓದಿದಾಗಲೂ ಕಾರಣ ಸರಿ ಕಂಡರೆ ಸೋಮವಾರ ಮಾರುತ್ತೇನೆ. ಕಳೆದ ಪುಟಗಳಲ್ಲಿ ಬರೆದದ್ದರಲ್ಲಿ ಹೆಚ್ಚಿನವುಗಳ ಮೇಲೆ ಈಗ ಅಡ್ಡಗೆರೆ ಇದೆ.